ಡೆಬಿಯನ್ ಲಿನಕ್ಸ್: ಡಿಟಿಪಿ ಮೇಜಿನ ಮೇಲೆ ಹತ್ತು ವರ್ಷ

2015ರ ಕೊನೆಯಲ್ಲಿ ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಡೆಬಿಯನ್ 8 ಹಾಕಿಸಿದೆ. ಡೆಬಿಯನ್ ಎಂದರೆ ವಿಂಡೋಸ್‌ನ ಜಾಗದಲ್ಲಿ ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ವ್ಯವಸ್ಥೆ. 2012ರಲ್ಲಿ ಕೊಂಡ ಅದೇ ಯಂತ್ರ ಈಗ ಡೆಬಿಯನ್ 13ರಲ್ಲಿ ನಡೆಯುತ್ತಿದೆ. ನಡುವೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೇವೆ, ಆಗಲೂ ಇದ್ದ ವ್ಯವಸ್ಥೆಯನ್ನೇ ಹೊಸ ಡಿಸ್ಕಿಗೆ ನಕಲು ಮಾಡಿಕೊಂಡೆವೇ ಹೊರತು ಅಳಿಸಿ ಮೊದಲಿನಿಂದ ಹಾಕಲಿಲ್ಲ. ನಾನು ಪ್ರೋಗ್ರಾಂ ಬರೆಯುವವನಲ್ಲ. ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ವರ್ಷಕ್ಕೆ ಒಂದೆರಡು ಕವನ ಸಂಕಲನ, ಇಷ್ಟೇ ನನ್ನ ಕೆಲಸ.

ಅದಕ್ಕೂ ಮೊದಲು ಇದ್ದದ್ದು ಹಣ ಕೊಟ್ಟು ಕೊಂಡ, ಒಂದು ಕಂಪನಿಯ ಹತೋಟಿಯಲ್ಲೇ ಇರುವ ಸ್ವಾಮ್ಯದ ವ್ಯವಸ್ಥೆ. ಮದುವೆ ಹಂಗಾಮಿನ ಒಂದು ಬೆಳಿಗ್ಗೆ ಯಂತ್ರ ತಾನಾಗಿಯೇ ಅಪ್‌ಡೇಟ್‌ಗೆ ಹೊರಟು ಮುಕ್ಕಾಲು ಗಂಟೆ ಪರದೆ ಬಿಟ್ಟುಕೊಡಲಿಲ್ಲ. ಪ್ರೂಫ್ ನೋಡಲು ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಅಷ್ಟೂ ಹೊತ್ತು ಬೆಂಚಿನ ಮೇಲೆ ಕುಳಿತಿದ್ದರು. ಡೆಬಿಯನ್ನಿನಲ್ಲಿ ಅಪ್‌ಡೇಟ್ ಬಂದಿದೆಯೆಂಬ ಸೂಚನೆ ಬರುತ್ತದೆ, ರಾತ್ರಿ ಅಂಗಡಿ ಮುಚ್ಚುವ ಮುನ್ನ ನಾನೇ ಅದನ್ನು ಹಾಕುತ್ತೇನೆ.

ಕನ್ನಡದ ಮಟ್ಟಿಗೆ ಹೇಳಬೇಕಾದದ್ದು ಬಹಳವಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಸಿಗುವುದರಿಂದ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗಲಿಲ್ಲ. ತೊಡಕಾದದ್ದು ಪುಟ ವಿನ್ಯಾಸ. ‘ಸ್ವಾತಂತ್ರ್ಯ’ ಎಂಬ ಪದದ ಕೊನೆಯ ‘ತ್ರ್ಯ’ ಯೂನಿಕೋಡಿನಲ್ಲಿ ಐದು ಸಂಕೇತಗಳ ಸಾಲು; ಅವನ್ನು ಕೂಡಿಸಿ ರಕಾರ, ಯಕಾರಗಳ ಒತ್ತುಗಳನ್ನು ತಕಾರದ ಕೆಳಗೆ ಸರಿಯಾಗಿ ಕೂರಿಸುವ ಕೆಲಸವನ್ನು ಬೇರೊಂದು ತಂತ್ರಾಂಶ ಮಾಡಬೇಕು. ಪುಟ ವಿನ್ಯಾಸಕ್ಕೆ ಬಳಸುವ ಸ್ಕ್ರೈಬಸ್‌ನ ಹಳೆಯ ಆವೃತ್ತಿಗಳಲ್ಲಿ ಆ ಸೌಲಭ್ಯ ಇರಲಿಲ್ಲವಾದ್ದರಿಂದ ಮೊದಲ ವರ್ಷಗಳಲ್ಲಿ ಪುಸ್ತಕಗಳನ್ನು ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲೇ ಕಟ್ಟುತ್ತಿದ್ದೆ. ಒಮಾನ್ ದೇಶದ ಒಂದು ತಂಡ ಅರೇಬಿಕ್ ಲಿಪಿಗಾಗಿ ಹಾರ್ಫ್‌ಬಜ್ ಎಂಬ ಲಿಪಿಜೋಡಣಾ ತಂತ್ರಾಂಶವನ್ನು ಸ್ಕ್ರೈಬಸ್‌ಗೆ ಬೆಸೆಯಿತು, ಆ ಕೆಲಸ 1.5.3ನೇ ಆವೃತ್ತಿಯಲ್ಲಿ ಹೊರಬಂತು, ಅದರೊಂದಿಗೇ ಕನ್ನಡದ ಒತ್ತಕ್ಷರಗಳೂ ನೆಟ್ಟಗಾದವು. ಅದನ್ನು ಮೊದಲ ಬಾರಿ ಪರದೆಯ ಮೇಲೆ ಕಂಡ ದಿನ ಹಳೆಯ ಸಂಕಲನವೊಂದರ ಪುಟಗಳನ್ನು ತೆರೆದು ಒಂದೊಂದೇ ಒತ್ತನ್ನು ಹಿಗ್ಗಿಸಿ ನೋಡಿದೆ. ಅರೇಬಿಕ್ ಬರೆಯುವವರ ಅಗತ್ಯಕ್ಕೆ ಆದ ದುರಸ್ತಿ ಯಾರನ್ನೂ ಕೇಳದೆ ನನ್ನ ಮೇಜಿಗೆ ಬಂತು. ಆಕರವನ್ನು, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳನ್ನು, ಮುಚ್ಚಿಟ್ಟ ತಂತ್ರಾಂಶದಲ್ಲಿ ಇಂಥ ಕೆಲಸವನ್ನು ಕಂಪನಿಯೇ ಕೈಗೆತ್ತಿಕೊಳ್ಳಬೇಕಾಗುತ್ತಿತ್ತು, ಕನ್ನಡದ ಮಾರುಕಟ್ಟೆ ಅದಕ್ಕೆ ಸಾಕೆಂದು ಆ ಕಂಪನಿಗೆ ಅನ್ನಿಸಬೇಕಾಗುತ್ತಿತ್ತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕನ್ನಡದ ಅಕ್ಷರಶೈಲಿಗಳ ವೈವಿಧ್ಯದಲ್ಲಿ ಸ್ವಾಮ್ಯದ ಲೋಕ ಇಂದಿಗೂ ಮುಂದಿದೆ. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಓದಲು ಚೆನ್ನಾಗಿದ್ದರೂ ಲಗ್ನಪತ್ರಿಕೆಗೆ ಬೇಕಾದ ಅಲಂಕಾರದ ಅಕ್ಷರಗಳು ಮುಕ್ತವಾಗಿ ಸಿಗುವುದು ಕಡಿಮೆ.

ಡೆಬಿಯನ್ನಿನ ಸ್ಥಿರ ಆವೃತ್ತಿ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಐದು ಬಾರಿ ಮೇಲಿನ ಆವೃತ್ತಿಗೆ ಏರಿದ್ದೇನೆ, ಪ್ರತಿ ಸಲವೂ ಒಂದು ಭಾನುವಾರ ಸಾಕಾಗಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಆಗಲಿ, ಅಂಗೀಕೃತ ಪಟ್ಟಿಯ ಪ್ರೊಸೆಸರ್ ಆಗಲಿ 2012ರ ಕಾಲದ ಯಂತ್ರಗಳಲ್ಲಿ ಇರುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಆ ನಿಯಮಕ್ಕೆ ಕಾರಣಗಳಿರಬಹುದು, ಆದರೆ ಗಟ್ಟಿಯಾಗಿ ದುಡಿಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಕೇ ಎಂಬುದು ಅದರ ಒಡೆಯನ ತೀರ್ಮಾನವಾಗಿ ಉಳಿಯಬೇಕೆಂದು ನಾನು ನಂಬುತ್ತೇನೆ. ಮುಕ್ತ ವ್ಯವಸ್ಥೆಯಲ್ಲೂ ಇದಕ್ಕೆ ಮಿತಿಯಿದೆ: ಡೆಬಿಯನ್ 13ರಿಂದ ಹಳೆಯ 32 ಬಿಟ್ ಕಂಪ್ಯೂಟರುಗಳಿಗೆ ವ್ಯವಸ್ಥೆಯ ತಿರುಳಾದ ಕರ್ನೆಲ್ ಮತ್ತು ಇನ್‌ಸ್ಟಾಲರ್ ಬರುವುದು ನಿಂತಿದೆ.

2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣ ನನ್ನ ನಂಬಿಕೆಯನ್ನು ಅಲುಗಿಸಿತು. ಎಕ್ಸ್‌ಝಡ್ ಎಂದರೆ ಕಡತಗಳನ್ನು ಕುಗ್ಗಿಸುವ ಮುಕ್ತ ತಂತ್ರಾಂಶ; ಒಬ್ಬರೇ ನಿರ್ವಾಹಕರು ದಣಿದು ನಡೆಸುತ್ತಿದ್ದ ಆ ಸಣ್ಣ ಯೋಜನೆಯಲ್ಲಿ ಯಾರೋ ಎರಡು ವರ್ಷ ವಿಶ್ವಾಸ ಗಳಿಸಿ, ಬೇರೆಯವರ ಕಂಪ್ಯೂಟರಿಗೆ ಗುಟ್ಟಾಗಿ ನುಗ್ಗಲು ಕಳ್ಳಬಾಗಿಲು ಇಟ್ಟಿದ್ದರು. ಲಾಗಿನ್ ಅರ್ಧ ಸೆಕೆಂಡು ನಿಧಾನವಾದದ್ದನ್ನು ಗಮನಿಸಿ ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಅದನ್ನು ಹಿಡಿದರು. ಅವರು ಮೈಕ್ರೋಸಾಫ್ಟ್‌ನ ಎಂಜಿನಿಯರ್. ಡೆಬಿಯನ್ನಿನ ಪರೀಕ್ಷಾ ಆವೃತ್ತಿಗಳಿಗೆ ಅದು ಸೇರಿತ್ತು, ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ಆಕರ ತೆರೆದಿದ್ದರಿಂದ ಅವರು ಅದನ್ನು ಜಾಲಾಡಲು ಸಾಧ್ಯವಾಯಿತು, ನಿಜ. ಆದರೆ ಓದುವ ಕಣ್ಣುಗಳೇ ಇಲ್ಲದ ಕಡೆ ತೆರೆದ ಆಕರ ತಾನಾಗಿ ಯಾರನ್ನೂ ಕಾಯುವುದಿಲ್ಲ. ಅಂದಿನಿಂದ ನಾನು ಬಳಸುವ ಎರಡು ಯೋಜನೆಗಳಿಗೆ ಪ್ರತಿ ಯುಗಾದಿಗೆ ಸ್ವಲ್ಪ ಹಣ ಕಳುಹಿಸುತ್ತಿದ್ದೇನೆ.

ಲಿನಕ್ಸ್ ಜೊತೆ ಬಳಸಲು ಉಪಕರಣ ಕೊಳ್ಳುವವರು ಎರಡು ವಿಷಯ ಮೊದಲೇ ವಿಚಾರಿಸಿಕೊಳ್ಳಬೇಕು. ನಮ್ಮ ಮೊದಲ ಬಣ್ಣದ ಪ್ರಿಂಟರಿಗೆ ತಯಾರಕರು ಅದನ್ನು ಲಿನಕ್ಸ್‌ನಲ್ಲಿ ನಡೆಸುವ ಚಾಲಕ ತಂತ್ರಾಂಶ (ಡ್ರೈವರ್) ಕೊಟ್ಟಿರಲಿಲ್ಲ, ಅದನ್ನು ಮಾರಿ ಬೇರೆಯದನ್ನು ತರಬೇಕಾಯಿತು. ತೆರಿಗೆ ಸಲ್ಲಿಕೆಗೆ ಕೊಂಡ ಡಿಜಿಟಲ್ ಸಹಿಯ ಟೋಕನ್ನಿನ ಜೊತೆ ಬಂದ ತಂತ್ರಾಂಶವೂ ಸ್ವಾಮ್ಯದ ವ್ಯವಸ್ಥೆಯಲ್ಲಿ ಮಾತ್ರ ನಡೆಯುತ್ತದೆ. ಅದಕ್ಕಾಗಿಯೇ ಹಳೆಯ ಲ್ಯಾಪ್‌ಟಾಪ್ ಒಂದನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆ ಅದು ಹೊರಗೆ ಬರುತ್ತದೆ.