ನರಿ, ಮುಂಗುಸಿ ಹಿಡಿಯುವ ಸೆಟ್: ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ಕುಣಿಕೆ ಕೋಲು, ತಂತಿ ಬೋನು, ಚರ್ಮದ ಕೈಗವಸು, ಬಲೆ. ಈ ನಾಲ್ಕನ್ನು ಒಟ್ಟಿಗೆ ಕಟ್ಟಿ ‘ಪ್ರಾಣಿ ಹಿಡಿಯುವ ಸೆಟ್’ ಎಂದು ತುಮಕೂರು ಸುತ್ತಮುತ್ತಲಿನ ಬಡಾವಣೆ ಸಂಘಗಳಿಗೆ, ಕೋಳಿ ಫಾರಂಗಳಿಗೆ, ಪಂಚಾಯಿತಿಗಳಿಗೆ ಮಾರುತ್ತಾರೆ. ಹುಚ್ಚು (ರೇಬೀಸ್) ಹಿಡಿದಿರಬಹುದಾದ ನರಿಯೋ ಮುಂಗುಸಿಯೋ ಮನೆ ಹತ್ತಿರ ಬಂದರೆ ಇದೊಂದಿದ್ದರೆ ಸಾಕು ಎಂಬುದು ಮಾರುವವರ ಮಾತು. ನಮ್ಮ ಅಭಿಪ್ರಾಯ ಮೊದಲೇ ಹೇಳುತ್ತೇವೆ: ನಾಲ್ಕರಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಬೋನು ಮಾತ್ರ. ಕೋಲು ಪಳಗಿದ ಕೈಗಷ್ಟೇ. ಕೈಗವಸನ್ನು ನಂಬಿ ಪ್ರಾಣಿ ಮುಟ್ಟಬಾರದು. ಬಲೆ ಬೇಡ. ಜೀವ ಉಳಿಸುವ ಎರಡು ಸಾಮಾನು, ಬಟ್ಟೆ ಸೋಪು ಮತ್ತು ನಲ್ಲಿ ಇರುವ ನೀರಿನ ಕ್ಯಾನು, ಸೆಟ್ಟಿನಲ್ಲೇ ಇಲ್ಲ.

ಮಾರುವವರು ಹೇಳದ ಇನ್ನೊಂದು ಸಂಗತಿ ಇದೆ. ನರಿ, ಮುಂಗುಸಿ, ಪುನುಗು ಬೆಕ್ಕು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಆ ಕಾಯ್ದೆಯಲ್ಲಿ ಬೋನಿಟ್ಟು ಹಿಡಿಯುವುದೂ ಬೇಟೆಯ ಲೆಕ್ಕಕ್ಕೇ ಸೇರುತ್ತದೆ. ಹಿಡಿಯಬೇಕಾದವರು ಅರಣ್ಯ ಇಲಾಖೆಯವರು. ಅವರ ಸಹಾಯವಾಣಿ 1926. ಅವರು ಬರುವ ತನಕ ಪ್ರಾಣಿ ಒಂದು ಕಡೆ ಇರಬೇಕು, ಜನ ಇನ್ನೊಂದು ಕಡೆ ಇರಬೇಕು. ಊರವರು ಮಾಡಬಹುದಾದ ಕೆಲಸ ಅಷ್ಟೇ, ಸೆಟ್ಟಿನ ಬೆಲೆಯನ್ನೂ ಅದರಿಂದಲೇ ಅಳೆಯಬೇಕು. ದೇವರಾಯನದುರ್ಗದ ಕಡೆಯ ಚಿರತೆ, ಕರಡಿಗಳ ವಿಷಯದಲ್ಲಿ ಈ ಸಾಮಾನಿನ ಮಾತೇ ಎತ್ತಬೇಡಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ಮಾಡಿ.

ಮೊದಲು ಕೋಲು. ಅಂಗಡಿಯವರು ಹೆಮ್ಮೆಯಿಂದ ತೋರಿಸುವುದು ಇದನ್ನೇ, ಹೆಚ್ಚು ಕೆಡುಕಾಗುವುದೂ ಇದರಿಂದಲೇ. ಒಳ್ಳೆಯ ಕುಣಿಕೆ ಕೋಲು ಐದಡಿ ಉದ್ದದ ಹಗುರ ಅಲ್ಯೂಮಿನಿಯಂ ಪೈಪು. ಅದರೊಳಗಿನ ಉಕ್ಕಿನ ಕೇಬಲ್‌ಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ತುದಿಯಲ್ಲಿ ತಾನೇ ಸುತ್ತುವ ತಿರುಗಣೆ ಇರುತ್ತದೆ, ಹಿಡಿಯ ಬಳಿ ಒಂದೇ ಎಳೆತಕ್ಕೆ ಕುಣಿಕೆ ಸಡಿಲವಾಗುವ ಗುಬ್ಬಿ (ನಾಬ್) ಇರುತ್ತದೆ. ಲೋಕಲ್ ಶೆಡ್ಡಿನಲ್ಲಿ ಮಾಡಿದ್ದನ್ನು ಬಿಚ್ಚಿ ನೋಡಿದರೆ ಜಿಐ ಪೈಪಿನೊಳಗೆ ಬೈಕಿನ ಕ್ಲಚ್ ವೈರು ಕಾಣುತ್ತದೆ, ತಿರುಗಣೆ ಇರುವುದಿಲ್ಲ. ಕುಣಿಕೆಗೆ ಸಿಕ್ಕ ನರಿ ಸುಮ್ಮನೆ ನಿಲ್ಲುವುದಿಲ್ಲ, ನೆಲಕ್ಕೆ ಬಿದ್ದು ಉರುಳುತ್ತದೆ. ತಿರುಗಣೆ ಇದ್ದರೆ ಕುಣಿಕೆ ಪ್ರಾಣಿಯ ಜೊತೆ ಸುತ್ತುತ್ತದೆ. ಇಲ್ಲದಿದ್ದರೆ ವೈರು ಹುರಿಗೊಂಡು, ಪೈಪಿನ ಬಾಯಲ್ಲಿ ಗಂಟಾಗಿ, ಕುತ್ತಿಗೆ ಬಿಗಿಯುತ್ತ ಹೋಗುತ್ತದೆ. ಆಗ ಹಿಡಿಯಲ್ಲಿ ಎಷ್ಟು ಎಳೆದರೂ ಬಿಡುವುದಿಲ್ಲ. ಬಿಡಿಸಲು ಯಾರೋ ಪಕ್ಕಡ್ ಹಿಡಿದು ಬಾಯಿಯ ಹತ್ತಿರ ಕೈ ಹಾಕುತ್ತಾರೆ. ಕಡಿತ ಆಗುವುದು ಆ ಗಳಿಗೆಯಲ್ಲಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಹತ್ತು ಕಿಲೋ ಅಕ್ಕಿ ಚೀಲದ ಬಾಯಿಗೆ ಕುಣಿಕೆ ಹಾಕಿ ಬಿಗಿದು, ಚೀಲವನ್ನು ಒಂದೇ ದಿಕ್ಕಿಗೆ ನಾಲ್ಕು ಸುತ್ತು ಉರುಳಿಸಿ, ಆಮೇಲೆ ಗುಬ್ಬಿ ಎಳೆಯಿರಿ. ಕುಣಿಕೆ ತಕ್ಷಣ ಸಡಿಲವಾಗದಿದ್ದರೆ ವಾಪಸ್ ಕೊಡಿ. ದೊಡ್ಡ ನರಿಯ ತೂಕ ಸುಮಾರು ಅಷ್ಟೇ ಇರುವುದರಿಂದ ಈ ಪರೀಕ್ಷೆ ನಂಬಬಹುದು. ಮುಂಗುಸಿಗೆ ಮಾತ್ರ ಎಷ್ಟೇ ಒಳ್ಳೆಯ ಕೋಲೂ ದಂಡ. ಅದರ ಕತ್ತು, ತಲೆ ಎರಡೂ ಹೆಚ್ಚುಕಡಿಮೆ ಒಂದೇ ದಪ್ಪ, ನುಣುಚಿಕೊಳ್ಳುತ್ತದೆ. ಬಿಗಿಯಾಗಿ ಎಳೆದರೆ ಸಾಯುತ್ತದೆ.

ಬೋನಿನಲ್ಲಿ ಮೊದಲು ತಂತಿ ನೋಡಿ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. 10 ಗೇಜ್ ಎಂದರೆ ಸುಮಾರು 3.2 ಮಿ.ಮೀ., 14 ಗೇಜ್ ಎಂದರೆ ಸುಮಾರು 2 ಮಿ.ಮೀ. ನರಿಗೆ 14 ಗೇಜಿನ ಬೋನು ಕೊಟ್ಟರೆ ಹಲ್ಲು ಹಾಕಿ ಬೆಸುಗೆ ಕೀಳುತ್ತದೆ. ಉದ್ದ ನಾಲ್ಕಡಿ, ಅಗಲ ಎತ್ತರ ಒಂದೂವರೆ ಅಡಿಯಾದರೂ ಇರಲಿ. ಜಾಲರಿಯ ಕಣ್ಣು ಒಂದು ಅಂಗುಲಕ್ಕಿಂತ ದೊಡ್ಡದಾದರೆ ಮೂತಿ ಹೊರಗೆ ಬರುತ್ತದೆ. ಮುಂಗುಸಿಗೆ ಅರ್ಧ ಅಂಗುಲವೇ ಬೇಕು. ಎತ್ತುವ ಹಿಡಿಯ ಕೆಳಗೆ ತಗಡಿನ ತಟ್ಟೆ ಬೆಸೆದಿರಬೇಕು, ಇಲ್ಲವಾದರೆ ಹೊತ್ತವರ ಬೆರಳು ನೇರ ಹಲ್ಲಿನ ಮೇಲೆ. ಬಾಗಿಲು ತನ್ನ ಭಾರಕ್ಕೆ ಬಿದ್ದರೆ ಸಾಲದು, ಬಿದ್ದ ಮೇಲೆ ಕೊಕ್ಕೆ ಹಾಕಿಕೊಳ್ಳಬೇಕು. ಎಷ್ಟೋ ಬೋನುಗಳು ಜೀಪಿಗೆ ಏರಿಸುವಾಗ ವಾಲಿ ಬಾಗಿಲು ಜಾರುವಂಥವು. ಮುಚ್ಚಲು ದಪ್ಪ ಗೋಣಿ ತಾಟು ಕೇಳಿ ಪಡೆಯಿರಿ, ಕತ್ತಲಾದರೆ ಪ್ರಾಣಿ ಬಹುಮಟ್ಟಿಗೆ ತಣ್ಣಗಾಗುತ್ತದೆ.

ಬೋನಿನ ಜೊತೆ ಕೊಡುವ ಸಲಹೆ ಮಾತ್ರ ತಪ್ಪು. ಕೋಳಿ ಕರುಳು ಕಟ್ಟಿ ರಾತ್ರಿ ಇಡಿ ಅನ್ನುತ್ತಾರೆ. ರೇಬೀಸ್ ಉಲ್ಬಣಿಸಿದ ಪ್ರಾಣಿಗೆ ಗಂಟಲಿನ ಸ್ನಾಯು ಸೋತಿರುತ್ತದೆ, ಅದು ಆಹಾರಕ್ಕೆ ಬರುವುದಿಲ್ಲ. ಬೆಳಿಗ್ಗೆ ಬೋನಿನಲ್ಲಿ ಇರುವುದು ಆರೋಗ್ಯವಾಗಿರುವ ಮುಂಗುಸಿ, ಇಲ್ಲವೇ ಪಕ್ಕದ ಮನೆ ಬೆಕ್ಕು. ಹಾಗಾಗಿ ಬೋನು ಸಾಗಿಸುವ ಪೆಟ್ಟಿಗೆಯಾಗಿ ಉಪಯೋಗ, ಅದೂ ಇಲಾಖೆಯವರ ಕೈಯಲ್ಲಿ.

ಕೈಗವಸು ಎಂದು ಕೊಡುವುದು ವೆಲ್ಡಿಂಗ್ ಕೈಗವಸು. ಕಿಡಿ ತಡೆಯುತ್ತದೆ, ಕೋರೆಹಲ್ಲು ತಡೆಯುವುದಿಲ್ಲ. ಚರ್ಮ ತೂತಾಗದಿದ್ದರೂ ಒತ್ತಿದ ಜಾಗದಲ್ಲಿ ಬೆರಳು ಜಜ್ಜುತ್ತದೆ, ಹೊಲಿಗೆಯ ಸಂದಿನಿಂದ ಜೊಲ್ಲು ಒಳಗೆ ಇಳಿಯುತ್ತದೆ. ಬೋನು ಎತ್ತಲು, ತೊಳೆಯಲು ಸಾಕು. ಒಳಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಬಲೆಯಲ್ಲಿ ಸಿಕ್ಕ ಪ್ರಾಣಿಯ ಮೂತಿ ಹೊರಗೇ ಇರುತ್ತದೆ, ಮತ್ತೆ ಬಿಡಿಸಲು ಕೈಯೇ ಹೋಗಬೇಕು.

ಅದೇ ದುಡ್ಡಿಗೆ ನಾವು ಹೇಳುವ ಸಾಮಾನು ಬೇರೆ. 12 ಮಿ.ಮೀ. ಪ್ಲೈವುಡ್ ಹಲಗೆ ಎರಡು, ಒಂದೊಂದೂ ನಾಲ್ಕಡಿಗೆ ಮೂರಡಿ, ಹಿಂದೆ ಎರಡು ಹಿಡಿ. ನರಿ ಅಂಗಳದ ಮೂಲೆಯಲ್ಲಿದ್ದರೆ ಹಲಗೆ ಮುಂದಿಟ್ಟುಕೊಂಡು ಹಿಂದೆ ಸರಿಯಬಹುದು, ಮಕ್ಕಳನ್ನು ದಾಟಿಸಬಹುದು. ಮುಂಗುಸಿ, ಪುನುಗು ಬೆಕ್ಕು ಓಡಲಾಗದೆ ಬಿದ್ದಿದ್ದರೆ ದೊಡ್ಡ ಮಂಕರಿ ಕವುಚಿ ಮೇಲೆ ಸೈಜುಗಲ್ಲು ಹೇರಿದರೆ ಮುಗಿಯಿತು. ಕೊಟ್ಟಿಗೆಗೋ ಪಂಪ್‌ಹೌಸಿಗೋ ತಾನಾಗಿ ನುಗ್ಗಿದ್ದರೆ ಉದ್ದ ಗಳದಿಂದ ಬಾಗಿಲು ತಳ್ಳಿ ಹೊರಗಿನಿಂದ ಚಿಲಕ ಹಾಕಿ. ಕಿಟಕಿಯಲ್ಲಿ ಇಣುಕಿ ವಿಡಿಯೊ ಮಾಡುವವರನ್ನು ದೂರ ಕಳಿಸಿ.

ಹುಚ್ಚೋ ಅಲ್ಲವೋ ಎಂದು ನೋಡಿ ಹೇಳುವುದು ಸುಲಭವಲ್ಲ. ಹಗಲಲ್ಲಿ ಕಂಡ ನರಿಗೆಲ್ಲ ಹುಚ್ಚಿರುವುದಿಲ್ಲ, ಮರಿ ಇರುವ ತಾಯಿ ಹಗಲೂ ತಿರುಗುತ್ತದೆ. ಮುಂಗುಸಿಯಂತೂ ಹಗಲಿನ ಪ್ರಾಣಿಯೇ. ಜನ ಕಂಡರೂ ಸರಿಯದೆ ಮುಂದೆ ಬರುವುದು, ಕಟ್ಟಿದ ದನವನ್ನೋ ಕಲ್ಲನ್ನೋ ಸುಮ್ಮಸುಮ್ಮನೆ ಕಚ್ಚುವುದು, ಕೆಳದವಡೆ ಜೋತು ಜೊಲ್ಲು ಸುರಿಯುವುದು, ಹಿಂಗಾಲು ಎಳೆಯುವುದು, ಇಂಥವು ಒಟ್ಟಿಗೆ ಕಂಡರೆ ಅನುಮಾನ ಗಟ್ಟಿ. ಡಿಸ್ಟೆಂಪರ್ ಎಂಬ ಬೇರೊಂದು ವೈರಸ್ ಕಾಯಿಲೆ ಬಂದ ನರಿಯೂ ಹೀಗೇ ಕಾಣುತ್ತದೆ. ನೀರು ಕುಡಿಯಿತು, ಹಾಗಾದರೆ ಹುಚ್ಚಿಲ್ಲ ಎನ್ನುವ ಮಾತು ನಂಬಬೇಡಿ. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ, ಪ್ರಾಣಿಗಳಲ್ಲಿ ಅದನ್ನು ಹುಡುಕಬಾರದು.

ಸೋಪಿನ ವಿಷಯಕ್ಕೆ ಬರುತ್ತೇವೆ, ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಹಲ್ಲು ತಾಗಿದ, ಪರಚಿದ, ಗಾಯದ ಮೇಲೆ ಜೊಲ್ಲು ಬಿದ್ದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರಾ 15 ನಿಮಿಷ ತೊಳೆಯಬೇಕು. ವೈರಸ್ಸಿನ ಮೇಲೆ ಕೊಬ್ಬಿನ ಪೊರೆ ಇದೆ, ಸೋಪು ಅದನ್ನು ಒಡೆಯುತ್ತದೆ. 20 ಲೀಟರ್ ಕ್ಯಾನಿನ ನಲ್ಲಿಯನ್ನು ನಿಮಿಷಕ್ಕೆ ಒಂದೂಕಾಲು ಲೀಟರ್ ಬರುವಷ್ಟು ತಿರುಗಿಸಿದರೆ ಅಷ್ಟು ಹೊತ್ತಿಗೆ ನೀರು ಸಾಲುತ್ತದೆ. ತೋಟದಲ್ಲಿ ಕರೆಂಟ್ ಇಲ್ಲದ ಹೊತ್ತಿಗೆ ಮೋಟಾರ್ ನಂಬಿ ಕೂರಬಾರದು, ಅದಕ್ಕೇ ಕ್ಯಾನು. ಆಮೇಲೆ ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ ಔಷಧ ಹಚ್ಚಿ. ಸುಣ್ಣ, ಅರಿಸಿನ, ಖಾರದ ಪುಡಿ ಯಾವುದೂ ಬೇಡ. ಬಿಗಿಯಾಗಿ ಕಟ್ಟಲೂಬೇಡಿ.

ತೊಳೆದ ತಕ್ಷಣ ಸರ್ಕಾರಿ ಆಸ್ಪತ್ರೆ. ಕಾಡುಪ್ರಾಣಿಯ ಕಡಿತವನ್ನು ಮೂರನೇ ದರ್ಜೆಯ (ಅತಿ ಗಂಭೀರ) ಗಾಯವೆಂದೇ ಲೆಕ್ಕ ಹಿಡಿಯುತ್ತಾರೆ. ಅಂದರೆ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಚುಚ್ಚುವ ಇಮ್ಯುನೋಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳು) ಕೂಡ ಬೇಕು. ಕುದುರೆಯ ರಕ್ತದಿಂದ ಮಾಡಿದ್ದಾದರೆ ತೂಕದ ಕಿಲೋಗೆ 40 ಯೂನಿಟ್, 60 ಕಿಲೋದವರಿಗೆ 2,400. ಚರ್ಮದ ಪದರಕ್ಕೆ ಕೊಡುವ ಲಸಿಕೆ ಮೊದಲ ದಿನ (ಅದನ್ನು 0 ಎಂದು ಎಣಿಸಿ), ಆಮೇಲೆ 3, 7, 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ 0.1 ಮಿ.ಲೀ. ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು ಡೋಸ್. ‘ಹತ್ತು ದಿನ ಪ್ರಾಣಿ ನೋಡೋಣ’ ಎಂಬ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ, ನರಿಗೆ ಅನ್ವಯಿಸುವುದಿಲ್ಲ. ನಾಯಿ, ಬೆಕ್ಕಿನ ಕಡಿತದಲ್ಲೂ ಲಸಿಕೆ ಶುರು ಮಾಡಿಯೇ ಕಾಯಬೇಕು.

ದನಕ್ಕೆ ಕಚ್ಚಿದ್ದರೆ ಅದಕ್ಕೂ ಇದೇ ತೊಳೆತ, ಜೊತೆಗೆ ಪಶುವೈದ್ಯರಿಂದ ಲಸಿಕೆ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಮುಂದಿನ ವಾರಗಳಲ್ಲಿ ಆ ದನ ಜೊಲ್ಲು ಸುರಿಸಿ ಮೇವು ನುಂಗಲಾರದೆ ನಿಂತರೆ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಹಸಿ ಹಾಲು ಯಾರೂ ಕುಡಿಯಬಾರದು.

ಪ್ರಾಣಿ ಸತ್ತಿದ್ದರೆ ಹೂಳಲು ಅವಸರ ಬೇಡ, ತಲೆಗೆ ಏಟು ಹಾಕಲೇಬೇಡಿ. ಪರೀಕ್ಷೆ ನಡೆಯುವುದು ಮೆದುಳಿನ ಮೇಲೆ. ಮಂಕರಿ ಮುಚ್ಚಿ, ನಾಯಿ ಕಾಗೆ ಮುಟ್ಟದಂತೆ ಕಾದು, ಅರಣ್ಯ ಸಿಬ್ಬಂದಿಗೆ ಒಪ್ಪಿಸಿ. ಮಾದರಿ ಐಸಿನಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಹೋಗಬಹುದು. ಫಲಿತಾಂಶ ಬರಲಿ ಎಂದು ಕಚ್ಚಿಸಿಕೊಂಡವರು ಲಸಿಕೆ ತಡಮಾಡಬಾರದು.

ಬಳಸಿದ ಕೋಲು, ಬೋನು, ಹಲಗೆಗೆ ಮೊದಲು ಸೋಪು ನೀರು, ಆಮೇಲೆ ಲೀಟರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿಯ ನೀರು, ಹತ್ತು ನಿಮಿಷ. ಕೂಡಲೇ ಬರೀ ನೀರಿನಲ್ಲಿ ತೊಳೆಯದಿದ್ದರೆ ಕೇಬಲ್ಲಿನ ಎಳೆಗಳನ್ನು ತುಕ್ಕು ತಿನ್ನುತ್ತದೆ. ಬಿಸಿಲಿಗೆ ಒಣಗಿಸಿ.

ಕೋಲು ಹಿಡಿಯಲೇಬೇಕಾದ ಸಿಬ್ಬಂದಿ ಇದ್ದರೆ ಅವರಿಗೆ ಮುಂಚಿತ ಲಸಿಕೆ ಹಾಕಿಸದೆ ಸೆಟ್ಟಿನ ಬೀಗದ ಕೈ ಕೊಡಬೇಡಿ. ಅಂಗಡಿಯಲ್ಲಿ ಬೋನಿಗೆ ಬೇರೆ, ಕೋಲಿಗೆ ಬೇರೆ ಬಿಲ್ ಕೇಳಿ. ಬಿಡಿಯಾಗಿ ಕೊಡುವುದಿಲ್ಲ ಎಂದರೆ ಪಕ್ಕದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ 10 ಗೇಜಿನ ಬೋನು, ಮರದ ಅಂಗಡಿಯಲ್ಲಿ ಎರಡು ಹಲಗೆ ಮಾಡಿಸಿ.