ಬಡ್ಜಿಗಳಿಗೆ ಪೇರಳೆಯೋ, ಪಪ್ಪಾಯಿಯೋ, ಸೇಬೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೇರಳೆಗೆ.

ಬದಿಯಡ್ಕದ ನಮ್ಮ ಮನೆಯ ಸಿಟೌಟಿನಲ್ಲಿ ಎರಡು ಜೋಡಿ ಬಡ್ಜಿಗಳಿವೆ, ಆಸ್ಟ್ರೇಲಿಯಾ ಮೂಲದ ಪುಟ್ಟ ಸಾಕುಗಿಳಿಗಳು. ಊರಿನ ಹಸಿರು ಗಿಳಿ ಅಲ್ಲ, ಅದನ್ನು ಗೂಡಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇವುಗಳ ದಿನದ ಊಟ ನವಣೆ. ಆದರೆ ಬರೀ ಕಾಳು ತಿಂದರೆ ವಿಟಮಿನ್ ಎ ಸಾಕಾಗುವುದಿಲ್ಲ, ಅದಕ್ಕೇ ಸೊಪ್ಪು, ಜೊತೆಗೆ ಒಂಚೂರು ಹಣ್ಣು. ಮೊನ್ನೆ ಪೇಟೆಯಿಂದ ತಂದ ದುಬಾರಿ ಸೇಬನ್ನು ಅವು ಮೂಸಿಯೂ ನೋಡಲಿಲ್ಲ, ಪಕ್ಕದಲ್ಲೇ ಸಿಕ್ಕಿಸಿದ್ದ ತೋಟದ ಪೇರಳೆಯನ್ನು ಸಿಪ್ಪೆ ಸಮೇತ ಮುಗಿಸಿದವು.

ಸೇಬಿನ ವಿಷಯ ಇಷ್ಟೇ: ಮೇಣ ಹಚ್ಚಿರುತ್ತಾರೆ, ಸಿಪ್ಪೆ ತೆಗೆಯಬೇಕು. ಬೀಜ ಒಂದೂ ಉಳಿಯಬಾರದು, ಅದರಿಂದ ಸಯನೈಡ್ ಹುಟ್ಟುತ್ತದೆ.

ಪಪ್ಪಾಯಿ ಹಾಗಲ್ಲ. ವಿಟಮಿನ್ ಎ ವಿಷಯದಲ್ಲಿ ಪೇರಳೆಗಿಂತ ಮುಂದೆಯೇ ಇದೆ. ಆ ಕೇಸರಿ ಬಣ್ಣದಲ್ಲಿರುವ ಕೆರೋಟಿನ್ ಹಕ್ಕಿಯ ಮೈಯಲ್ಲಿ ವಿಟಮಿನ್ ಎ ಆಗುತ್ತದೆ. ಹಿತ್ತಲಲ್ಲೇ ಆಗುತ್ತದೆ, ದುಡ್ಡೂ ಇಲ್ಲ.

ಕಿರಿಕಿರಿ ಒಂದೇ, ಇರುವೆ. ನಮ್ಮ ಕಡೆಯ ಸೆಕೆಗೆ ಕೊಯ್ದ ಪಪ್ಪಾಯಿ ಬೇಗ ನೀರು ಬಿಡುತ್ತದೆ, ರಸ ಗೂಡಿನ ತಟ್ಟೆಗೆ ತೊಟ್ಟಿಕ್ಕುತ್ತದೆ, ನಾನು ಒಳಗೆ ಹೋಗಿ ಚಾ ಕುಡಿದು ಬರುವಷ್ಟರಲ್ಲಿ ಮಾಡಿನಿಂದ ಗೂಡು ನೇತುಹಾಕಿದ ಸರಿಗೆಯ ಉದ್ದಕ್ಕೂ ಇರುವೆಗಳ ಸಾಲು ಇಳಿದಿರುತ್ತದೆ. ಒಂದು ಹೆಣ್ಣು ಬಡ್ಜಿ ಕಾಲು ಎತ್ತೆತ್ತಿ ಕೊಕ್ಕಿನಿಂದ ಬೆರಳು ಕೆರೆದುಕೊಳ್ಳುತ್ತಿತ್ತು, ನೋಡಿದರೆ ಉಗುರಿನ ಬುಡದಲ್ಲೇ ಇರುವೆ ಕಚ್ಚಿ ಹಿಡಿದಿದೆ. ಹೊಟ್ಟೆ ಉರಿಯಿತು. ಇಡೀ ಹಕ್ಕಿ ತೂಗುವುದೇ ಮೂವತ್ತು ನಲವತ್ತು ಗ್ರಾಂ, ಅದಕ್ಕೆ ಒಂದು ಇರುವೆ ಕಡಿತ ಎಂದರೆ ಸಣ್ಣದಲ್ಲ.

ಇರುವೆ ಚಾಕ್ ಗೀಚುವ ಹಾಗಿಲ್ಲ, ಅದು ಕೀಟನಾಶಕ. ಸರಿಗೆಗೆ ಗ್ರೀಸ್ ಹಚ್ಚಿದರೆ ರೆಕ್ಕೆಗೆ ಮೆತ್ತಿಕೊಳ್ಳಬಹುದು. ಕೊನೆಗೆ ತೆಂಗಿನ ಗೆರಟೆಯ ಕಣ್ಣಿನ ಮೂಲಕ ಸರಿಗೆ ದಾಟಿಸಿ, ಸಂದಿಗೆ ಎಂಸೀಲ್ ಮೆತ್ತಿ, ಒಣಗಿದ ಮೇಲೆ ಗೆರಟೆ ತುಂಬ ನೀರು ಹಾಕಿದೆ. ಇರುವೆ ನಿಂತಿತು. ಆದರೆ ಸೊಳ್ಳೆ ಮೊಟ್ಟೆ ಇಡಬಾರದಲ್ವಾ, ದಿನಾ ಆ ನೀರು ಚೆಲ್ಲಿ ಹೊಸದು ತುಂಬಬೇಕು. ಬೆಳಿಗ್ಗೆ ತೋಟದ ಕೆಲಸಕ್ಕೆ ಇಳಿಯುವ ನನಗೆ ಅದು ಇನ್ನೊಂದು ಕೆಲಸ.

ಪೇರಳೆಗೆ ಈ ರಗಳೆ ಕಡಿಮೆ. ದೋರೆಗಾಯಿ ಇರುವಾಗಲೇ ತೊಳೆದು, ಹೋಳು ಮಾಡಿ ಸರಳಿನ ಮಧ್ಯೆ ಸಿಕ್ಕಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ, ರಸ ಸುರಿಯುವುದಿಲ್ಲ. ಬೀಜವೂ ತೊಂದರೆ ಇಲ್ಲ, ಅವಕ್ಕೆ ಅದೇ ಜಾಸ್ತಿ ಇಷ್ಟ. ಆದರೂ ಎರಡು ಗಂಟೆಯೊಳಗೆ ಉಳಿದದ್ದನ್ನು ತೆಗೆಯಿರಿ. ಮಳೆಗಾಲದ ಪೇರಳೆ ಮಾತ್ರ ನಂಬುವಂತಿಲ್ಲ, ಹಣ್ಣುನೊಣ ಮೊಟ್ಟೆಯಿಟ್ಟು ಒಳಗೆಲ್ಲ ಹುಳ ಇರುತ್ತದೆ, ಬಿಡಿಸಿ ನೋಡಿಯೇ ಕೊಡಿ.

ಹಾಗಾಗಿ ನಮ್ಮಲ್ಲಿ ಸಾಮಾನ್ಯ ದಿನಕ್ಕೆ ಪೇರಳೆ, ನಾನು ಮನೆಯಲ್ಲೇ ಇರುವ ಭಾನುವಾರ ಪಪ್ಪಾಯಿ. ಸೇಬಿನ ದುಡ್ಡು ನವಣೆಗೆ. ಯಾವ ಹಣ್ಣೇ ಆದರೂ ಒಟ್ಟು ಆಹಾರದ ಹತ್ತರಲ್ಲೊಂದು ಪಾಲು ದಾಟಬಾರದು, ಬಡ್ಜಿ ಆಸ್ಟ್ರೇಲಿಯಾದ ಒಣನೆಲದಲ್ಲಿ ಹುಲ್ಲಿನ ಬೀಜ ತಿಂದು ಬದುಕುವ ಹಕ್ಕಿ. ಹಣ್ಣು ತಿಂದ ದಿನ ಹಿಕ್ಕೆ ನೀರಾದರೆ ಗಾಬರಿ ಬೇಡ, ಮರುದಿನವೂ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಬೆಣ್ಣೆಹಣ್ಣನ್ನಂತೂ ಒಂದು ಚೂರೂ ಕೊಡಬೇಡಿ, ಅದರಲ್ಲಿರುವ ಪರ್ಸಿನ್ ಎಂಬ ವಿಷ ಹಕ್ಕಿಯ ಹೃದಯಕ್ಕೇ ಹೊಡೆಯುತ್ತದೆ.