ಹೊಗೆ ಯಾವಾಗ ಬರುತ್ತೆ ಎಂದು ಮೊದಲು ಕೇಳಿದ ಗ್ಯಾರೇಜು

ನನ್ನದು 2003ರ ಮಾರುತಿ ಝೆನ್. 993 ಸಿಸಿ, 16 ವಾಲ್ವ್. ಅಪ್ಪ ಕೊಂಡ ಕಾರು. ಎರಡು ಸಲ ಆರ್‌ಸಿ ರಿನ್ಯೂ ಮಾಡಿಸಿ ಓಡಿಸುತ್ತಿದ್ದೇನೆ. ಹೋದ ವರ್ಷದಿಂದ ಆಯಿಲ್ ಕುಡಿಯುವುದಕ್ಕೆ ಶುರು ಮಾಡಿತ್ತು. 1,000 ಕಿಲೋಮೀಟರ್‌ಗೆ ಹೆಚ್ಚು ಕಡಿಮೆ ಮುಕ್ಕಾಲು ಲೀಟರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಸೈಲೆನ್ಸರ್‌ನಿಂದ ಒಂದು ಉಂಡೆ ನೀಲಿ ಹೊಗೆ. ಆಮೇಲೆ ಸುಮ್ಮನಾಗುತ್ತಿತ್ತು.

ಮೊದಲು ತೋರಿಸಿದ ಕಡೆ ಬಾನೆಟ್ ಎತ್ತಿದರು, ಎರಡು ಸಲ ರೇಸ್ ಕೊಟ್ಟರು, 'ಇಂಜಿನ್ ಬೋರ್‌ಗೆ ಬಂದಿದೆ ಮೇಡಂ, 38 ಸಾವಿರ ಆಗುತ್ತೆ' ಅಂದರು. ಅಂದರೆ ಇಂಜಿನ್ ಪೂರ್ತಿ ಬಿಚ್ಚಿ, ಸವೆದ ಸಿಲಿಂಡರ್ ಕೊರೆಸಿ, ಪಿಸ್ಟನ್ನನ್ನೂ ಅದರ ಸುತ್ತಲಿನ ರಿಂಗ್‌ಗಳನ್ನೂ ಹೊಸದು ಹಾಕುವ ಕೆಲಸ. ಒಂದು ಪ್ಲಗ್ ಕೂಡ ಬಿಚ್ಚಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಒಬ್ಬರು ಗಟ್ಟಿ ಆಯಿಲ್ ಹಾಕಿ, ನಿಂತುಹೋಗುತ್ತೆ ಅಂದರು. ಎರಡನ್ನೂ ಮಾಡಲಿಲ್ಲ. ಆಗ ನನ್ನ ತಮ್ಮ ಹೇಳಿದ್ದು ಚಿಕ್ಕಮಗಳೂರಿನ ಬೇಲೂರು ರಸ್ತೆಯ ಈ ಚಿಕ್ಕ ಗ್ಯಾರೇಜನ್ನು.

ಇಲ್ಲಿನ ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು, 'ಹೊಗೆ ಯಾವಾಗ ಬರುತ್ತೆ? ಏರು ಹತ್ತುವಾಗಲೋ, ಇಳಿಯುವಾಗಲೋ?'

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಹಿಂದಿನ ತಿಂಗಳು ಧರ್ಮಸ್ಥಳಕ್ಕೆ ಹೋಗುವಾಗ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯನ್ನು ಸೆಕೆಂಡ್ ಗೇರಿನಲ್ಲೇ ಇಳಿಸಿದ್ದೆ. ಕೆಳಗೆ ಸಮತಟ್ಟು ಸಿಕ್ಕಿ ಆಕ್ಸಿಲರೇಟರ್ ಒತ್ತಿದಾಗ, ಹಿಂದೆ ತನ್ನ ಕಾರಿನಲ್ಲಿ ಬರುತ್ತಿದ್ದ ತಮ್ಮನಿಗೆ ರಸ್ತೆಯೇ ಕಾಣದಷ್ಟು ಹೊಗೆ. ವಾಪಸ್ ಬರುವಾಗ ಅದೇ ಘಾಟಿ ಹತ್ತಿದೆವು, ಹೊಗೆ ಇಲ್ಲ. ಇದನ್ನು ಹೇಳಿದ ಮೇಲೆ ಮೇಸ್ತ್ರಿ ನಕ್ಕು, 'ಹಾಗಿದ್ರೆ ರಿಂಗ್ ಇರಲಿಕ್ಕಿಲ್ಲ, ವಾಲ್ವ್ ಸೀಲ್ ಇರಬಹುದು. ಆದ್ರೂ ನೋಡದೆ ಹೇಳಲ್ಲ' ಅಂದರು.

ಕಾರಣವನ್ನೂ ಬಿಡಿಸಿ ಹೇಳಿದರು. ಇಳಿಜಾರಿನಲ್ಲಿ ಕಾಲು ತೆಗೆದು ಗೇರಿನಲ್ಲೇ ಇಳಿಸುವಾಗ ಗಾಳಿಯ ದಾರಿ ಮುಚ್ಚಿರುತ್ತದೆ. ಇಂಜಿನ್ ಜೋರಾಗಿ ಒಳಕ್ಕೆ ಎಳೆಯುತ್ತಾ ಇರುತ್ತದೆ. ವಾಲ್ವ್ ಕಡ್ಡಿಗೆ ಹಾಕಿರುವ ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ ಹೆಡ್‌ನಲ್ಲಿ, ಅಂದರೆ ಇಂಜಿನ್ನಿನ ಮೇಲ್ಭಾಗದಲ್ಲಿ, ಇರುವ ಆಯಿಲ್ ಆ ಸಂದಿಯಿಂದ ಒಳಗೆ ಇಳಿಯುತ್ತದೆ, ಮತ್ತೆ ರೇಸ್ ಕೊಟ್ಟಾಗ ಉರಿದು ಹೊರಗೆ ಬರುತ್ತದೆ. ರಾತ್ರಿ ನಿಂತಾಗಲೂ ಹನಿ ಹನಿ ಇಳಿದಿರುತ್ತದೆ. ಬೆಳಗಿನ ಆ ಒಂದು ಉಂಡೆ ಹೊಗೆ ಅದೇ. ರಿಂಗ್ ಸವೆದಿದ್ದರೆ ಲೋಡ್ ಬಿದ್ದಾಗ, ಅಂದರೆ ಏರಿನಲ್ಲಿ, ಹೊಗೆ ಬಿಡದೆ ಬರುತ್ತಿತ್ತು.

ಆಮೇಲೆ ಒಂದೊಂದೇ ನೋಡಿದರು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಕಿದರು, ಹೊರಗೆ ಸೋರಿಕೆ ಇಲ್ಲ. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನನ್ನ ಕೈಯನ್ನೇ ಮೇಲೆ ಹಿಡಿಸಿದರು. ಬುಸಬುಸ ಎಂದು ಗಾಳಿ ಬರಲಿಲ್ಲ, ರಿಂಗ್ ಸವೆದಿದ್ದರೆ ಬರುತ್ತಿತ್ತಂತೆ. ಇಂಜಿನ್ ಒಳಗಿನ ಹಬೆಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದರು, ಒಳಗೆ ಕಟಕಟ ಸದ್ದು ಬಂತು, ಕಟ್ಟಿಕೊಂಡಿಲ್ಲ. ಕೊನೆಗೆ ಕಂಪ್ರೆಷನ್ ಗೇಜ್, ಪ್ಲಗ್ ತೂತಿಗೆ ಹಾಕಿ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್. ನಾಲ್ಕು ಸಿಲಿಂಡರಿಗೆ 178, 175, 180, 174 ಪಿಎಸ್‌ಐ. ಈ ಇಂಜಿನ್ನಿಗೆ 170ಕ್ಕಿಂತ ಕೆಳಗೆ ಹೋಗಬಾರದು, ಒಂದಕ್ಕೊಂದು ತುಂಬಾ ವ್ಯತ್ಯಾಸವೂ ಇರಬಾರದು ಎಂದರು. ನಾಲ್ಕನೆಯದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ 180. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಮುಳ್ಳು ಇನ್ನೂ ತುಂಬಾ ಮೇಲೆ ಹೋಗುತ್ತಿತ್ತಂತೆ. ಈ ಒಂದು ಪರೀಕ್ಷೆಗೆ ಮುಕ್ಕಾಲು ಗಂಟೆ ಸಾಕಾಯಿತು. ಯಾರಾದರೂ ನಿಮಗೆ ಬೋರ್ ಮಾಡಿಸಿ ಅಂದರೆ, ದಯವಿಟ್ಟು ಮೊದಲು ಈ ನಂಬರ್ ಕೇಳಿ.

ಕೆಲಸ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಹೆಡ್ ಇಳಿಸಲಿಲ್ಲ. ಪ್ಲಗ್ ತೂತಿನಿಂದ ಬಟ್ಟೆ ಒಣಹಾಕುವಂಥ ನೈಲಾನ್ ಹಗ್ಗವನ್ನು ಸಿಲಿಂಡರ್ ಒಳಗೆ ತುರುಕಿದರು. ತುದಿ ಹೊರಗೇ ಬಿಟ್ಟು, ಸ್ಪಾನರ್ ಹಾಕಿ ಇಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದರು. ಪಿಸ್ಟನ್ ಮೇಲೆ ಬಂದು ಹಗ್ಗವನ್ನು ಒತ್ತಿ ಹಿಡಿಯುತ್ತದೆ, ಸ್ಪ್ರಿಂಗ್ ತೆಗೆದಾಗ ವಾಲ್ವ್ ಒಳಗೆ ಬೀಳುವುದಿಲ್ಲ. 16 ವಾಲ್ವ್‌ಗೂ ಹೀಗೇ. ಹಳೆಯ ಸೀಲೊಂದನ್ನು ನನ್ನ ಅಂಗೈಗೆ ಹಾಕಿದರು. ಉಗುರಿನಲ್ಲಿ ಒತ್ತಿದರೆ ಒಣಗಿದ ಹುಣಸೆ ಸಿಪ್ಪೆ ಹಾಗೆ ಪಟ್ ಅಂತ ಮುರಿಯಿತು. ಹೊಸದನ್ನು ಒತ್ತಿದರೆ ಬಗ್ಗಿ ಮತ್ತೆ ಸರಿಯಾಗುತ್ತಿತ್ತು. 20 ವರ್ಷ ಇಂಜಿನ್ ಬಿಸಿ ತಿಂದ ರಬ್ಬರ್ ಅಲ್ವಾ.

ಸೀಲ್, ಟ್ಯಾಪೆಟ್ ಕವರ್ ಪ್ಯಾಕಿಂಗ್, ನಾಲ್ಕು ಪ್ಲಗ್, ಆಯಿಲ್, ಫಿಲ್ಟರ್, ಲೇಬರ್ ಎಲ್ಲಾ ಸೇರಿ ₹7,200 ಆಯಿತು. ಹಳೆಯ ಸಾಮಾನನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟರು.

ಬೇಜಾರಾದ ವಿಷಯವನ್ನೂ ಹೇಳಬೇಕು. ಎರಡು ದಿನ ಅಂದಿದ್ದು ಐದು ದಿನ ಆಯಿತು. ಸೀಲ್ ಬೆಂಗಳೂರಿನಿಂದ ಬರಬೇಕಿತ್ತು, ಸರಿ. ಆದರೆ ತಡವಾಗುತ್ತೆ ಎಂದು ಅವರೇ ಫೋನ್ ಮಾಡಿ ಹೇಳಬಹುದಿತ್ತು. ನಾನು ಮಾಡಿದರೂ ಎತ್ತುವುದು ಮೂರು ಸಲಕ್ಕೆ ಒಂದು ಸಲ. ಕೂರಲು ಒಂದು ಸ್ಟೂಲ್ ಬಿಟ್ಟರೆ ಏನೂ ಇಲ್ಲ. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.

ಈಗ 2,600 ಕಿಲೋಮೀಟರ್ ಓಡಿಸಿದ್ದೇನೆ. ಪ್ರತಿ ಭಾನುವಾರ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿದ ಮೇಲೆ ಡಿಪ್‌ಸ್ಟಿಕ್ ಒರೆಸಿ ನೋಡುತ್ತೇನೆ. ಎರಡು ಗೆರೆಗಳ ನಡುವೆ ಕಾಲು ಭಾಗದಷ್ಟು ಮಾತ್ರ ಇಳಿದಿದೆ. ಬೆಳಗಿನ ಹೊಗೆ ನಿಂತಿದೆ. ಹೊಸ ಸೀಲ್ ಹಾಕಿದ ಮೊದಲ ಎರಡು ದಿನ ಸ್ವಲ್ಪ ಬಂತು. ಸೈಲೆನ್ಸರ್ ಒಳಗೆ ಉಳಿದಿದ್ದ ಆಯಿಲ್ ಉರಿಯುತ್ತಿದೆ, ಗಾಬರಿಯಾಗಬೇಡಿ ಎಂದು ಮೇಸ್ತ್ರಿ ಮೊದಲೇ ಹೇಳಿದ್ದರು.

ಹೋಗುವವರು ಬೆಳಿಗ್ಗೆ ಒಂಬತ್ತೂವರೆಯ ಒಳಗೆ ಹೋಗಿ, ಇಂಜಿನ್ ತಣ್ಣಗಿರುವಾಗಲೇ ಅವರು ನೋಡಬೇಕು. ಹತ್ತಿರದವರಾದರೆ ಹಿಂದಿನ ಸಂಜೆಯೇ ಕಾರು ಬಿಟ್ಟು ಬನ್ನಿ. ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಫೋನ್‌ಪೇ ಇದೆ.